ಬಾಗಿಲು ಹಾಕಿಕೊಂಡು ಆಡಿದ ಮಾತು

ಬೆಂಗಳೂರಿನ ಮಹದೇವಪುರಕ್ಕೆ ಕಟ್ಟಡದ ಕೆಲಸಕ್ಕೋ ಕಾವಲಿಗೋ ಮನೆಗೆಲಸಕ್ಕೋ ದೂರದಿಂದ ಬಂದವರನ್ನು ‘ನಿಮ್ಮ ಮನೆಮಾತು ಯಾವುದು’ ಎಂದು ಕೇಳಿದರೆ ಮೊದಲು ಬರುವ ಉತ್ತರ ‘ಹಿಂದಿ’. ಜಾರ್ಖಂಡದ ಗುಮ್ಲಾದವರೂ ಹಾಗೇ ಹೇಳುತ್ತಾರೆ, ಒಡಿಶಾದ ಸುಂದರಗಢದವರೂ ಹಾಗೇ ಹೇಳುತ್ತಾರೆ. ಸುಳ್ಳು ಹೇಳಬೇಕೆಂದಲ್ಲ. ಕೇಳಿದವರಿಗೆ ಅಷ್ಟು ಸಾಕು ಎಂಬುದು ಅವರಿಗೆ ಅನುಭವದಿಂದ ಗೊತ್ತು. ಎದುರಿನವರು ಎಂದೂ ಕೇಳಿರದ ಹೆಸರೊಂದನ್ನು ಹೇಳಿ, ಅದೇನು, ಎಲ್ಲಿಯದು, ಅದಕ್ಕೆ ಲಿಪಿ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ನಿಂತು ಉತ್ತರಿಸುವ ಪುರುಸೊತ್ತು ದಿನಗೂಲಿಯವರಿಗೆ ಎಲ್ಲಿಂದ ಬರಬೇಕು?

ಸರ್ಕಾರಿ ಲೆಕ್ಕವೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತದೆ. 2011ರ ಜನಗಣತಿಯಲ್ಲಿ ಈ ದೇಶದ ಜನ ತಮ್ಮ ಮಾತಿಗೆ ಕೊಟ್ಟ ಹೆಸರುಗಳು 19,569. ಅವನ್ನು ಸೋಸಿ 1,369 ತಾಯ್ನುಡಿಗಳೆಂದು ಗುರುತಿಸಿದರು. ಆಮೇಲೆ ಒಂದನ್ನು ಇನ್ನೊಂದರೊಳಗೆ ಸೇರಿಸಿ, ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವವನ್ನು ‘ಇತರೆ’ ಎಂಬಲ್ಲಿಗೆ ತಳ್ಳಿ, ಕೊನೆಗೆ ಅಚ್ಚಾದದ್ದು 121 ಭಾಷೆಗಳ ಪಟ್ಟಿ. ನಮ್ಮ ತಾಂಡಾಗಳ ಲಂಬಾಣಿ ಅದರಲ್ಲಿ ಹಿಂದಿಯ ಹೊಟ್ಟೆಯೊಳಗಿದೆ. ನೀಲಗಿರಿಯ ಬಡಗ, ಕಾಡಿನ ಕುರುಬರ ನುಡಿ ಕನ್ನಡದ ಲೆಕ್ಕದಲ್ಲಿವೆ. ಕನ್ನಡದ ಸಂಖ್ಯೆ ದೊಡ್ಡದಾಗಿ ಕಾಣುವುದು ಯಾರಿಗೆ ಬೇಡ? ಆದರೆ ಬಡಗರ ಒಬ್ಬ ಅಜ್ಜಿಯನ್ನೂ ಕೇಳದೆ ಅವರ ಮಾತನ್ನು ನಮ್ಮದೆಂದು ಬರೆದುಕೊಂಡದ್ದು ನನಗೆ ಹಿತವೆನಿಸುವುದಿಲ್ಲ. ಬೆಂಗಳೂರಿನ ಪೂರ್ವದ ಬೀದಿಗಳಲ್ಲಿ ಕನ್ನಡ ಕೇಳಿಸುವುದಿಲ್ಲ ಎಂದು ನೊಂದುಕೊಳ್ಳುವ ನಮಗೆ ಈ ನೋವು ಎಲ್ಲರಿಗಿಂತ ಬೇಗ ಅರ್ಥವಾಗಬೇಕು.

ನಾನು ಬೆಳೆದದ್ದು ದೂರವಾಣಿನಗರದಲ್ಲಿ. ಅಪ್ಪ ಐಟಿಐಯಲ್ಲಿ ಕೆಲಸಕ್ಕಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಟೆಲಿಫೋನ್ ಮಾಡಲೆಂದು ಶುರುವಾದ ಕಾರ್ಖಾನೆ ಅದು. ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ತುಳು, ತಮಿಳು, ಮಲಯಾಳ, ಕೊಂಕಣಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಮುಂದೆ ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ಭಾಷಾಶಾಸ್ತ್ರದ ಪತ್ರಿಕೆ ಸಾಮಾನ್ಯವಾಗಿ ಯಾರೂ ಬೇಕೆಂದು ತೆಗೆದುಕೊಳ್ಳುವುದಲ್ಲ. ನನಗೆ ಅದೇ ಇಷ್ಟದ್ದು. ‘ಉತ್ತರ ದ್ರಾವಿಡ ಭಾಷೆಗಳು ಮೂರು: ಕುರುಖ್, ಮಾಲ್ತೋ, ಬ್ರಾಹುಈ’ ಎಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದು ಛೋಟಾನಾಗಪುರದಲ್ಲಿ, ಇನ್ನೊಂದು ರಾಜಮಹಲ್ ಬೆಟ್ಟಗಳಲ್ಲಿ, ಮತ್ತೊಂದು ಬಲೂಚಿಸ್ತಾನದಲ್ಲಿ ಎಂದು ಹೇಳಿದರೆ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಡಿ.ಎನ್. ಶಂಕರಭಟ್ಟರು 1971ರಲ್ಲಿ ಕೊರಗ ಭಾಷೆಯ ಬಗ್ಗೆ ಬರೆದ ಪುಸ್ತಕವನ್ನು ಮೆಚ್ಚಿ ಮೆಚ್ಚಿ ಹೇಳುತ್ತಿದ್ದೆ. ಇವರು ಈಶಾನ್ಯದ ಬೋಡೊ, ತಾಂಗ್‌ಖುಲ್ ನಾಗಾ ಮಾತುಗಳ ಪದಕೋಶಗಳನ್ನೂ ಮಾಡಿದವರು, ನಮ್ಮ ಪುತ್ತೂರಿನ ಕಡೆಯವರು ಎಂದರೆ ಹುಡುಗರು ಕಣ್ಣರಳಿಸುತ್ತಿದ್ದರು.

ನಿವೃತ್ತಿಯ ನಂತರ ಮಹದೇವಪುರದ ಅಪಾರ್ಟ್‌ಮೆಂಟಿಗೆ ಬಂದೆವು. ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡಿಗೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಗೇಟಿನಲ್ಲಿ ರಾತ್ರಿಪಾಳಿಯ ಕಾವಲಿನವನೊಬ್ಬ ಫೋನಿನಲ್ಲಿ ಯಾರೊಂದಿಗೋ ಊರಿನಿಂದ ಬರುವವರ ಲೆಕ್ಕ ಹಾಕುತ್ತಿದ್ದ. ಹಿಂದಿಯ ನಡುವೆ ‘ಇರ್ಬ್’ ಎಂಬ ಮಾತು ಬಂತು. ಹಿಂದೆಯೇ ‘ನುಬ್ಬ್’. ಬೆರಳು ನೋಡಿದೆ, ಎರಡು, ಆಮೇಲೆ ಮೂರು. ನಮ್ಮ ‘ಇಬ್ಬರು’ ಅಲ್ಲಿ ನಿಂತಿತ್ತು. ‘ನಿನ್ನ ಭಾಷೆ ಯಾವುದಪ್ಪ’ ಎಂದೆ. ‘ಹಿಂದಿ’ ಎಂದ. ಅದಲ್ಲ, ಮನೆಯಲ್ಲಿ ಆಡುವುದು ಎಂದೆ. ‘ಸಾದ್ರಿ’ ಎಂದ. ಛೋಟಾನಾಗಪುರದಲ್ಲಿ ಸಂತೆಯ ಮಾತು ಸಾದ್ರಿ, ಎಲ್ಲ ಜಾತಿಯವರೂ ಆಡುವುದು. ನಾನು ಅಲ್ಲಿಂದ ಕದಲದಿದ್ದುದನ್ನು ನೋಡಿ ಮೆಲ್ಲಗೆ ‘ಕುಡುಖ್’ ಎಂದ. ನನ್ನ ಕರಿಹಲಗೆಯ ಕುರುಖ್, ಅದನ್ನಾಡುವವರ ಬಾಯಲ್ಲಿ ಹೀಗೆ.

ಆಮೇಲಿನ ದಿನಗಳಲ್ಲಿ ಪದಗಳನ್ನು ಕೇಳುತ್ತ ಹೋದೆ. ಕಣ್ಣಿಗೆ ‘ಖನ್ನ್’, ಗಂಟಲಿನ ಆಳದಿಂದ ಉಜ್ಜಿಕೊಂಡು ಬರುವ ಖಕಾರ. ಹಲ್ಲಿಗೆ ‘ಪಲ್ಲ್’, ನಮ್ಮ ಹಳಗನ್ನಡದ ಪಲ್. ಬಾಯಿಗೆ ‘ಬಾಈ’, ಮರಕ್ಕೆ ‘ಮನ್ನ್’, ನಾಲ್ಕಕ್ಕೆ ‘ನಾಖ್’. ನಾಲ್ಕು ದಾಟಿದರೆ ಎಣಿಕೆ ಉತ್ತರದ ಆರ್ಯಭಾಷೆಗಳ ಕಡೆ ಹೊರಳುತ್ತದೆ. ಸಾವಿರಾರು ವರ್ಷ ಅಗಲಿ ಹೋದ ಬಳಗದವರ ಮುಖದಲ್ಲಿ ಅಜ್ಜನ ಮೂಗು ಕಂಡಂತಾಗಿ, ನಾನು ಆ ರಾತ್ರಿಗಳಲ್ಲಿ ನಿದ್ದೆಗೆಟ್ಟದ್ದುಂಟು. ಕುಡುಖ್ ಆಡುವ ಓರಾಂವ್ ಜನರ ನಡುವೆ ತಮ್ಮ ಹಿರಿಯರು ಕರ್ನಾಟಕದ ಕಡೆಯಿಂದ ಹೊರಟು, ನರ್ಮದೆಯ ದಡ ಹಿಡಿದು, ಸೋನ್ ನದಿಯ ತೀರಕ್ಕೆ ಬಂದವರು ಎಂಬ ಹೇಳಿಕೆಯಿದೆ ಎಂದು ಗ್ರಿಯರ್ಸನ್ನರು ನಡೆಸಿದ ಭಾರತದ ಭಾಷಾ ಸಮೀಕ್ಷೆಯ 4ನೇ ಸಂಪುಟ (1906) ಬರೆದುಕೊಂಡಿದೆ. ಅದನ್ನು ಇತಿಹಾಸವೆಂದು ಒಪ್ಪುವ ಆತುರ ನನಗಿಲ್ಲ, ಆದರೆ ಕಾವಲಿನವನಿಗೆ ಹೇಳಿದಾಗ ‘ಹೌದು, ನಮ್ಮ ಅಜ್ಜನೂ ಹೇಳುತ್ತಿದ್ದ’ ಎಂದ.

ಈ ಭಾಷೆ ಸಣ್ಣದೇನಲ್ಲ. 2011ರ ಲೆಕ್ಕದಂತೆ 19,88,350 ಜನರ ತಾಯ್ನುಡಿ. ತುಳುವಿಗಿಂತ ಹೆಚ್ಚು. ಆದರೂ ಯುನೆಸ್ಕೊ ಇದನ್ನು ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಪೇಟೆ ಸೇರಿದ ಕುಟುಂಬಗಳಲ್ಲಿ ಮಕ್ಕಳು ಸಾದ್ರಿಗೋ ಹಿಂದಿಗೋ ಹೊರಳುತ್ತಿರುವಾಗ ಮುದುಕರ ಸಂಖ್ಯೆಯನ್ನು ಹಿಡಿದು ಸಮಾಧಾನಪಡುವುದು ಹೇಗೆ? ಕಾವಲಿನವನ ಸ್ವಂತ ಮಗ ಅಂಗನವಾಡಿಯಲ್ಲಿ ಕಲಿತ ಕನ್ನಡವನ್ನು ನನ್ನೊಂದಿಗೆ ಅರಳು ಹುರಿದಂತೆ ಆಡುತ್ತಿದ್ದ, ಅಪ್ಪನೊಂದಿಗೆ ಹಿಂದಿ. ಅಜ್ಜಿ ಫೋನು ಮಾಡಿದಾಗ ಮಾತ್ರ ಸುಮ್ಮನೆ ನಿಂತುಬಿಡುತ್ತಿದ್ದ.

ಧ್ವನಿಮುದ್ರಣ ಮಾಡೋಣವೇ ಎಂದು ಕೇಳಿದ್ದು ನಾನು, ಯಾವುದನ್ನು ಎಂದು ಹೇಳಿದ್ದು ಕಾವಲಿನವನ ಹೆಂಡತಿ. ತನ್ನ ಹೆಸರನ್ನು ಬರೆಯುವುದು ಬೇಡವೆಂದಿದ್ದಾಳೆ. ಬಿ. ನಾರಾಯಣಪುರದ ಒಂದು ವಠಾರದಲ್ಲಿ ಅವರ ಕೋಣೆ. ಅವಳು ಹತ್ತಿರದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಕೈಯಲ್ಲಿ ಮಾರಿಸ್ ಸ್ವಾದೇಶ್ ಎಂಬ ಅಮೆರಿಕದ ವಿದ್ವಾಂಸ ಮಾಡಿಟ್ಟ ನೂರು ಮೂಲಪದಗಳ ಪಟ್ಟಿ ಇತ್ತು: ನೀರು, ಬೆಂಕಿ, ರಕ್ತ, ಮೂಳೆ, ಸೂರ್ಯ, ಹೀಗೆ. ಭಾಷೆಯ ದಾಖಲೆಗೆ ಮೊದಲು ಹಿಡಿಯುವುದು ಹೆಚ್ಚಾಗಿ ಇಂಥದ್ದನ್ನೇ. ಅವಳು ತಾಳ್ಮೆಯಿಂದ ಅರ್ಧ ಪಟ್ಟಿ ಹೇಳಿ ಮುಗಿಸಿ, ‘ಆಂಟಿ, ಇದೆಲ್ಲ ನನ್ನ ಮಗನಿಗೂ ಬರುತ್ತೆ. ಬರದೇ ಇರೋದನ್ನ ತುಂಬಿ’ ಎಂದಳು. ಏನು ಬರುವುದಿಲ್ಲ ಎಂದರೆ, ನಾಟಿ ಮಾಡುವಾಗ ಹೇಳುವ ಹಾಡು, ಮಳೆಗಾಲದಲ್ಲಿ ಆಯುವ ಸೊಪ್ಪುಗಳ ಹೆಸರು, ಹಂಡಿಯಾ ಎಂಬ ಹೆಂಡಕ್ಕೆ ಅಕ್ಕಿ ಹುದುಗಿಸುವ ಬೇರು, ಒಗಟು, ಬೈಗುಳ, ಸತ್ತವರ ಮನೆಯಲ್ಲಿ ಅಳುವ ಕ್ರಮ. ಪಟ್ಟಿಯನ್ನು ಮಡಿಚಿಟ್ಟೆ. ಆ ಹೊತ್ತಿನಿಂದ ಏನನ್ನು ಮುದ್ರಿಸಬೇಕೆಂಬ ನಿರ್ಧಾರ ಅವಳದೇ ಆಯಿತು, ನಾನು ಮೈಕು ಹಿಡಿಯುವವಳು.

ಮೈಕು ಹಿಡಿಯುವುದೂ ಒಂದು ಕೆಲಸವೇ. ತಗಡಿನ ಮಾಡು, ಹೊರವರ್ತುಲ ರಸ್ತೆಯ ಮೊರೆತ, ಪಕ್ಕದ ಕೋಣೆಯ ಮಿಕ್ಸಿ, ಬೋರ್‌ವೆಲ್ ಪಂಪು. ಮಳೆ ಬಂದರೆ ಕೆಲಸ ನಿಲ್ಲಿಸಬೇಕು. ಭಾನುವಾರ ಬೆಳಗಿನ ಜಾವವೇ ಸರಿಯಾದ ಹೊತ್ತು. ಗೋಡೆಗೆ ಕಂಬಳಿ ಕಟ್ಟಿ, ಮೈಕನ್ನು ಬಾಯಿಂದ ಒಂದು ಗೇಣು ದೂರವಿಟ್ಟು, ಎಂಪಿ3ಗೆ ಕುಗ್ಗಿಸದೆ ಪೂರ್ಣ ವೇವ್ ಕಡತವಾಗಿಯೇ ಇಡುತ್ತಿದ್ದೆವು. ಕುಗ್ಗಿಸಿದರೆ ಆ ಗಂಟಲಿನ ಖಕಾರದಂಥ ಉಜ್ಜು ಸದ್ದುಗಳೇ ಮೊದಲು ಸವೆಯುತ್ತವೆ. ಪ್ರತಿ ಕಡತದ ಆರಂಭದಲ್ಲಿ ಯಾರು, ಎಲ್ಲಿ, ಯಾವ ದಿನ, ಯಾರು ಕೇಳಬಹುದು ಎಂಬುದನ್ನು ಮಾತನಾಡುವವರೇ ತಮ್ಮ ದನಿಯಲ್ಲಿ ಹೇಳಬೇಕು. ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವುದಕ್ಕಿಂತ ಇದು ಗಟ್ಟಿಯಾದ ಒಪ್ಪಿಗೆ ಎಂದು ಈಗಲೂ ನಂಬಿದ್ದೇನೆ. ಬರೆದುಕೊಳ್ಳುವುದು ಆಮೇಲಿನ ಮಾತು. ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರು ಪುಕ್ಕಟೆಯಾಗಿ ಕೊಡುವ ಎಲಾನ್ ಎಂಬ ತಂತ್ರಾಂಶದಲ್ಲಿ ದನಿಯ ಅಲೆಯ ಕೆಳಗೇ ಸಾಲುಸಾಲಾಗಿ ಮಾತು, ಅರ್ಥ, ಟಿಪ್ಪಣಿ ಹೊಂದಿಸಬಹುದು. ಅದನ್ನು ನನಗಿಂತ ಬೇಗ ಕಲಿತವಳು ಅವಳೇ, ಹತ್ತನೇ ತರಗತಿಗೆ ಓದು ನಿಲ್ಲಿಸಿದ್ದವಳು.

ನನ್ನ ತಿಳಿವನ್ನೇ ತಲೆಕೆಳಗು ಮಾಡಿದ್ದು ಒಂದು ಸಣ್ಣ ವಾಕ್ಯ: ‘ನಾನು ಬರುತ್ತೇನೆ’. ಗಂಡ ಹೇಳಿದಾಗ ಕ್ರಿಯಾಪದದ ತುದಿ ಒಂದು ಬಗೆ. ಅವಳು ಗಂಡನಿಗೆ ಹೇಳಿದಾಗಲೂ ಅದೇ ತುದಿ. ಆದರೆ ಪಕ್ಕದ ಕೋಣೆಯ, ಜಾರ್ಖಂಡದ ಸಿಮ್‌ಡೇಗಾದ ಹೆಂಗಸು ಬಾಗಿಲಲ್ಲಿ ಇಣುಕಿದಾಗ ಅವಳಿಗೆ ಹೇಳಿದ್ದು ಬೇರೆ ತುದಿ. ಮತ್ತೆ ಹಾಕಿ ಕೇಳಿದೆ, ಹೌದು ಬೇರೆಯೇ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿದ್ದ ಫ್ರಾನ್ಸಿಸ್ ಎಕ್ಕಾ ಅವರ ಹಳೆಯ ಲೇಖನವೊಂದು ನೆನಪಾಗಿ ಹುಡುಕಿಸಿ ತರಿಸಿದೆ. ಎಕ್ಕಾ ಸ್ವತಃ ಕುಡುಖ್ ತಾಯ್ನುಡಿಯವರು. ಕುಡುಖ್‌ನಲ್ಲಿ ಗಂಡಸರ ಮಾತು, ಹೆಂಗಸರ ಮಾತು ಎಂಬುದರ ಬಗ್ಗೆ 1972ರಲ್ಲೇ ಬರೆದಿದ್ದರು. ಹೆಂಗಸು ಹೆಂಗಸಿನೊಂದಿಗೆ ಆಡುವಾಗ ಮಾತ್ರ ಬರುವ ಕ್ರಿಯಾರೂಪಗಳು ಆ ಭಾಷೆಯಲ್ಲಿವೆ. ಗಂಡಸು ಎದುರಿಗಿದ್ದು ಅವನಿಗೆ ಹೇಳಿದರೆ ಅವು ಬಾಯಿಗೆ ಬರುವುದಿಲ್ಲ.

ಇದರ ಅರ್ಥವನ್ನು ಯೋಚಿಸುತ್ತ ನಾನು ತುಂಬ ಹೊತ್ತು ಕೂತಿದ್ದೆ. ಇಂಥ ಭಾಷೆಗಳನ್ನು ಬರೆದುಕೊಂಡವರು ಬಹುತೇಕ ಪಾದ್ರಿಗಳು, ಅಧಿಕಾರಿಗಳು, ಪ್ರಾಧ್ಯಾಪಕರು, ಹೆಚ್ಚಾಗಿ ಗಂಡಸರು. ಗೊಸ್ನರ್ ಮಿಷನ್ನಿನ ಫರ್ಡಿನಾಂಡ್ ಹಾನ್ ಬರೆದ ವ್ಯಾಕರಣ, ಗ್ರಿನ್ಯಾರ್ ಪಾದ್ರಿಗಳು 1924ರಲ್ಲಿ ಪ್ರಕಟಿಸಿದ ನಿಘಂಟು ದೊಡ್ಡ ಕೆಲಸಗಳು, ಅವಕ್ಕೆ ಕೈಮುಗಿಯುತ್ತೇನೆ. ಗ್ರಿಯರ್ಸನ್ನರ ಸಮೀಕ್ಷೆಯಲ್ಲಿ ಭಾಷೆಭಾಷೆಗೂ ಒಂದೇ ಮಾದರಿ ಕಥೆ ಕೊಟ್ಟು ಅನುವಾದ ಮಾಡಿಸಿದರು, ಬೈಬಲ್ಲಿನ ದಾರಿತಪ್ಪಿದ ಮಗನ ಕಥೆ. ಒಬ್ಬ ತಂದೆ, ಇಬ್ಬರು ಗಂಡುಮಕ್ಕಳು, ಆಳುಗಳು. ಅದರಲ್ಲಿ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಒಂದು ಮಾತು ಹೇಳುವ ಜಾಗವೇ ಇಲ್ಲ. ಎಷ್ಟು ನಿಷ್ಠೆಯಿಂದ ಅನುವಾದ ಮಾಡಿಸಿದರೂ ಕುಡುಖ್ ಭಾಷೆಯ ಒಂದು ಭಾಗ ಆ ಕಥೆಯ ಹೊಸ್ತಿಲು ದಾಟಿ ಒಳಗೆ ಬರಲಾರದು. 

ಇದನ್ನು ಅವಳಿಗೆ ಹೇಳಿದೆ. ಅವಳು ನಕ್ಕು, ‘ಅದಕ್ಕೇ ನೀವು ಹೊರಗಿರಿ’ ಎಂದಳು. ನಾನೂ ಹೆಂಗಸೇ ಅಲ್ಲವೇ ಎಂದೆ. ಹೆಂಗಸು ಹೌದು, ಆದರೆ ನಿಮಗೆ ಕುಡುಖ್ ಬರುವುದಿಲ್ಲ, ನೀವು ಕೂತಿದ್ದರೆ ನಾವು ನಿಮಗೆ ಅರ್ಥವಾಗಲೆಂದು ಹಿಂದಿ ಬೆರೆಸಿಬಿಡುತ್ತೇವೆ ಎಂದು ಬಿಡಿಸಿ ಹೇಳಿದಳು. ಅಷ್ಟು ಸ್ಪಷ್ಟವಾದ ಮಾತನ್ನು ಕ್ಷೇತ್ರಕಾರ್ಯದ ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರಲಿಲ್ಲ.

ಹೀಗೆ ಶುರುವಾದದ್ದು ನಮ್ಮ ಮನೆಯ ಭಾನುವಾರಗಳು. ವಠಾರದ ಗದ್ದಲ ಬೇಡವೆಂದು ನಮ್ಮ ಒಳಕೋಣೆಯನ್ನು ಬಿಟ್ಟುಕೊಟ್ಟೆ. ಗುಮ್ಲಾ, ಸಿಮ್‌ಡೇಗಾ, ಲೋಹರ್‌ದಗಾದಿಂದ ಬಂದು ಹೂಡಿ, ಗರುಡಾಚಾರ್ ಪಾಳ್ಯದ ಕಡೆ ಕೆಲಸ ಮಾಡುವ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದರು. ಕೆಲವರು ಚರ್ಚಿನ ಪೂಜೆ ಮುಗಿಸಿ ಬರುತ್ತಿದ್ದರು, ಕೆಲವರು ಸರ್ನಾ ನಂಬಿಕೆಯವರು. ನಾನು ಉಪಕರಣ ಚಾಲೂ ಮಾಡಿ, ಫ್ಯಾನು ಆರಿಸಿ, ಬಾಗಿಲೆಳೆದುಕೊಂಡು ಬರುತ್ತಿದ್ದೆ. ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವುತ್ತ ನಗೆಯ ಅಲೆಗಳನ್ನು ಕೇಳುತ್ತಿದ್ದೆ. ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕಾಗಿಯೂ ಇರಲಿಲ್ಲ.

ಆ ಕೋಣೆಯಲ್ಲಿ ಹುಟ್ಟಿದ ಮುದ್ರಣಗಳಲ್ಲಿ ನನಗೆ ಕೇಳಲು ಕೊಟ್ಟದ್ದರ ಪೈಕಿ ಒಂದು, ಜನಿ ಶಿಕಾರಿನ ಕಥೆ. ಜನಿ ಎಂದರೆ ಹೆಂಗಸು. ಹನ್ನೆರಡು ವರ್ಷಕ್ಕೊಮ್ಮೆ ಓರಾಂವ್ ಹೆಂಗಸರು ಗಂಡಸರ ಉಡುಪು ತೊಟ್ಟು, ತಲೆಗೆ ಪೇಟ ಸುತ್ತಿ, ಕೋಲು ಕೊಡಲಿ ಹಿಡಿದು ಊರೂರ ಮೇಲೆ ಬೇಟೆ ಹೊರಡುತ್ತಾರೆ. ಅದರ ಹಿಂದೆ ರೋಹ್ತಾಸ್‌ಗಢದ ಕಥೆಯಿದೆ. ಸರ್ಹುಲ್ ಹಬ್ಬದ ದಿನ ಗಂಡಸರೆಲ್ಲ ಕುಡಿದು ಬಿದ್ದಿರುವಾಗ ಕೋಟೆಯ ಮೇಲೆ ವೈರಿಗಳು ಏರಿಬಂದರು. ಸಿಂಗಿ ದಾಯಿ, ಕೈಲಿ ದಾಯಿ ಎಂಬವರು ಹೆಂಗಸರನ್ನೆಲ್ಲ ಕೂಡಿಸಿ, ಗಂಡುಡುಗೆ ಉಡಿಸಿ, ಮೂರು ಸಲ ಹೊಡೆದೋಡಿಸಿದರು. ಹಾಲು ಮಾರುವವಳೊಬ್ಬಳು ಗುಟ್ಟು ಬಿಟ್ಟುಕೊಟ್ಟ ಮೇಲೆ ಕೋಟೆ ಕೈತಪ್ಪಿತು. ಹಣೆಯ ಮೇಲೆ ಹಚ್ಚೆಯಾಗಿ ಚುಚ್ಚಿಸಿಕೊಳ್ಳುವ ಮೂರು ಗೆರೆ ಆ ಮೂರು ಗೆಲುವಿನ ಗುರುತು ಎನ್ನುತ್ತಾರೆ. ಈ ಕಥೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹಲವು ಕಡೆ ಅಚ್ಚಾಗಿದೆ. ಆದರೆ ಈ ಮುದ್ರಣದಲ್ಲಿ ಸಿಂಗಿ ದಾಯಿ ತನ್ನ ಜೊತೆಯ ಹೆಂಗಸರೊಂದಿಗೆ ಆ ಹೆಂಗಸರ ತುದಿಯಿಂದಲೇ ಮಾತನಾಡುತ್ತಾಳೆ. ಮುಂದೆ ಗಂಡಸರ ವೇಷದಲ್ಲಿ ಕೋಟೆಯ ಗೋಡೆಯ ಮೇಲಿಂದ ಕೂಗುವಾಗ ಕಥೆ ಹೇಳುವವಳು ಕ್ರಿಯಾಪದಗಳನ್ನೆಲ್ಲ ಗಂಡಸರ ರೂಪಕ್ಕೆ ತಿರುಗಿಸಿದಳು. ಕೇಳುತ್ತಿದ್ದವರು ಹೋ ಎಂದು ಚಪ್ಪಾಳೆ ತಟ್ಟಿದರು. ಉಡುಪಿನ ಜೊತೆಗೆ ವ್ಯಾಕರಣವೂ ವೇಷ ತೊಟ್ಟಿತ್ತು. ಕನ್ನಡ ವ್ಯಾಕರಣವನ್ನು ಜೀವಮಾನವಿಡೀ ಪಾಠ ಹೇಳಿದ ನನಗೆ ಮೈ ಜುಮ್ಮೆಂದಿತು.

ಮುಗಿದ ಮೇಲೆ ಒಂದೊಂದು ಮುದ್ರಣವನ್ನೂ ಅವರೇ ವಿಂಗಡಿಸುತ್ತಿದ್ದರು: ಎಲ್ಲರೂ ಕೇಳಬಹುದಾದದ್ದು, ಕುಡುಖ್ ಹೆಂಗಸರು ಮಾತ್ರ ಕೇಳಬೇಕಾದದ್ದು, ಮನೆಯೊಳಗೇ ಇರಬೇಕಾದದ್ದು. ಲಂಡನ್ನಿನಲ್ಲಿ ಶುರುವಾಗಿ ಈಗ ಬರ್ಲಿನ್ನಿನಲ್ಲಿರುವ ಎಲಾರ್ ಎಂಬ ಅಳಿವಿನಂಚಿನ ಭಾಷೆಗಳ ಭಂಡಾರದಲ್ಲೂ ಯಾರಿಗೆ ಯಾವ ಕಡತ ತೆರೆಯಬೇಕೆಂಬ ಕಟ್ಟುಪಾಡು ಇದೆ. ಎರಡನೆಯ, ಮೂರನೆಯ ಗಂಟುಗಳ ಪ್ರತಿ ನನ್ನಲ್ಲಿಲ್ಲ. ವಿದ್ವಾಂಸ ಗೆಳೆಯರೊಬ್ಬರು ‘ಭಾಷೆಯೇ ಹೋದ ಮೇಲೆ ಗುಟ್ಟು ಇಟ್ಟುಕೊಂಡು ಏನು ಮಾಡುತ್ತಾರೆ, ಎಲ್ಲವನ್ನೂ ಭಂಡಾರಕ್ಕೆ ಹಾಕಿ’ ಎಂದು ವಾದಿಸಿದರು. ಅವರ ಕಳಕಳಿ ನನಗೆ ಗೊತ್ತು, ಒಪ್ಪಿಗೆಯಿಲ್ಲ. ಹೆಂಗಸರ ಮಾತು ಇಷ್ಟು ದಿನ ಉಳಿದದ್ದೇ ಹೆಂಗಸರ ನಡುವೆ ಉಳಿದದ್ದರಿಂದ. ಅದನ್ನು ಕಾಯುವ ಕ್ರಮವನ್ನು ಮುರಿದು ಅದನ್ನು ಉಳಿಸಿದೆವು ಎನ್ನಲಾಗದು.

2020ರ ಮಾರ್ಚಿನ ಕೋವಿಡ್ ಲಾಕ್‌ಡೌನಿನಲ್ಲಿ ಎಲ್ಲ ನಿಂತಿತು. ಟೆಕ್ ಪಾರ್ಕುಗಳು ಬಾಗಿಲು ಹಾಕಿದವು, ಕೂಲಿ ನಿಂತಿತು. ಮೇ ತಿಂಗಳಲ್ಲಿ ವಲಸೆ ಕಾರ್ಮಿಕರ ಶ್ರಮಿಕ್ ರೈಲುಗಳು ಹೊರಟಾಗ ಆ ಕುಟುಂಬವೂ ರಾಂಚಿಯ ಬಳಿಯ ಹಟಿಯಾಕ್ಕೆ ಹೋಗುವ ರೈಲು ಹತ್ತಿತು. ಭಾನುವಾರದ ಗುಂಪಿನಲ್ಲಿದ್ದ ಹಲವರು ಮತ್ತೆ ಬರಲಿಲ್ಲ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗದು.

ಆದರೆ ಕೆಲಸ ಊರಿಗೆ ಹೋಯಿತು. ಅವಳು ತನ್ನ ಅತ್ತೆಯನ್ನು, ನೆರೆಯ ಮುದುಕಿಯರನ್ನು ಫೋನಿನಲ್ಲೇ ಮುದ್ರಿಸಿಕೊಳ್ಳತೊಡಗಿದಳು. ಹಲ್ಲಿಲ್ಲದವರ ಮಾತು ನೂರು ವರ್ಷದ ಮೇಲೆ ಯಾರಿಗೂ ತಿಳಿಯದೆ ಹೋಗಬಹುದು. ಅದಕ್ಕೆ ಭಾಷಾ ದಾಖಲೆಯವರು ಕಂಡುಕೊಂಡ ಒಂದು ಉಪಾಯವಿದೆ. ಮೂಲ ಮುದ್ರಣವನ್ನು ಒಂದೊಂದು ವಾಕ್ಯ ಕೇಳಿ, ಇನ್ನೊಬ್ಬರು ಅದನ್ನೇ ನಿಧಾನವಾಗಿ, ಸ್ಪಷ್ಟವಾಗಿ ಮತ್ತೆ ಹೇಳಿ ಎರಡನೆಯ ಕಡತವಾಗಿ ಇಡುವುದು. ಬರೆಯಲು ಬಾರದವರೂ ಮಾಡಬಹುದಾದ ಕೆಲಸ. ಈ ಮರುಹೇಳಿಕೆಯನ್ನು ಅವಳು ತನ್ನ ಮಗನಿಂದ ಮಾಡಿಸಿದಳು. ಮೊದಲ ಕಡತಗಳಲ್ಲಿ ಹುಡುಗ ಮುಗ್ಗರಿಸುತ್ತಾನೆ, ಅಜ್ಜಿ ಹಿಂದಿನಿಂದ ತಿದ್ದುತ್ತಾಳೆ. ಆಮೇಲಿನವುಗಳಲ್ಲಿ ತಿದ್ದುವ ದನಿ ಕಡಿಮೆಯಾಗುತ್ತ ಹೋಗುತ್ತದೆ. ಹೆಂಗಸರ ರೂಪಗಳು ಬಂದಲ್ಲಿ ಮಾತ್ರ ಹುಡುಗ ನಿಲ್ಲುತ್ತಾನೆ, ಅವನ್ನು ಚಿಕ್ಕಮ್ಮನ ಮಗಳು ಹೇಳುತ್ತಾಳೆ. ಹೀಗೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಬರೆಯುವ ಪ್ರಶ್ನೆ ಬಂದಾಗ ಅವರ ನಡುವೆಯೇ ಜಗಳವಾಯಿತು. ಅವಳು ದೇವನಾಗರಿಯಲ್ಲಿ ಬರೆಯುತ್ತಿದ್ದಳು, ಶಾಲೆಯಲ್ಲಿ ಕಲಿತದ್ದು ಅದು. ಮೈದುನ ತೊಲೊಂಗ್ ಸಿಕಿ ಬೇಕೆಂದ. ವೃತ್ತಿಯಿಂದ ವೈದ್ಯರಾದ ನಾರಾಯಣ ಓರಾಂವ್ ಕುಡುಖ್‌ಗೆಂದೇ ರೂಪಿಸಿದ ಲಿಪಿ ಅದು. 2018ರಲ್ಲಿ ಪಶ್ಚಿಮ ಬಂಗಾಳ ಕುಡುಖ್‌ಗೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟ ಮೇಲೆ ಆ ಲಿಪಿಯ ಹುಮ್ಮಸ್ಸೂ ಏರಿದೆ. ನನ್ನ ಅಭಿಪ್ರಾಯ ಕೇಳಿದರು. ತುಳುವರು ಕನ್ನಡ ಲಿಪಿಯಲ್ಲಿ ಎಷ್ಟು ಬರೆದಿದ್ದಾರೆ, ಜೊತೆಗೇ ತುಳು ಲಿಪಿಯ ಫಲಕಗಳನ್ನೂ ಹಾಕುತ್ತಾರೆ ಎಂದು ನಮ್ಮ ಕಡೆಯ ಸಂಗತಿ ಹೇಳಿದೆ, ತೀರ್ಪು ಹೇಳಲಿಲ್ಲ. ಕೊನೆಗೆ ಎಲಾನ್‌ನಲ್ಲಿ ಎರಡು ಸಾಲು ಇಟ್ಟರು, ಒಂದು ನಾಗರಿ, ಒಂದು ತೊಲೊಂಗ್ ಸಿಕಿ.

2023ರ ಮಾರ್ಚ್ 26ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಓಡಲು ಶುರುವಾಯಿತು. ಅದರ ಕಂಬಗಳಿಗೆ ಕಾಂಕ್ರೀಟು ಹೊತ್ತವರಲ್ಲಿ ಎಷ್ಟೋ ಜನ ಆ ವೇಳೆಗೆ ಬೇರೆ ಊರುಗಳಲ್ಲಿದ್ದರು. ಆದರೆ ಗುಮ್ಲಾದಿಂದ, ಸಿಮ್‌ಡೇಗಾದಿಂದ ಹೊಸ ಹುಡುಗಿಯರು ಮಹದೇವಪುರಕ್ಕೆ ಬರುತ್ತಲೇ ಇದ್ದಾರೆ. ಕಾವಲಿನವನ ಹೆಂಡತಿ ಊರಿನಿಂದಲೇ ಅವರಿಗೆ ನನ್ನ ವಿಳಾಸ ಕೊಟ್ಟು ಕಳಿಸುತ್ತಾಳೆ. ಕಳೆದ ಮಳೆಗಾಲದಲ್ಲಿ ಬಂದ ಹುಡುಗಿಯರು ಹಾಡುಗಳನ್ನಲ್ಲ, ಪೇಟೆಯ ಕೆಲಸದ ಮಾತನ್ನು ಮುದ್ರಿಸಬೇಕೆಂದರು. ಲಿಫ್ಟು, ಓವರ್‌ಟೈಮು, ಗುತ್ತಿಗೆದಾರ, ಸಂಬಳ ತಡವಾದರೆ ಏನೆಂದು ಕೇಳುವುದು, ಇವನ್ನೆಲ್ಲ ಕುಡುಖ್‌ನಲ್ಲಿ ಹೇಗೆ ಆಡುತ್ತೇವೆ ಎಂಬುದನ್ನೂ ಇಡಬೇಕು, ಭಾಷೆ ಎಂದರೆ ಅಜ್ಜಿಯರದ್ದಷ್ಟೇ ಅಲ್ಲ ಎಂಬುದು ಅವರ ವಾದ. ಒಳಕೋಣೆಯ ಬೀಗದ ಕೈ ಅವರಿಗೆ ಕೊಟ್ಟಿದ್ದೇನೆ. ಕಂಬಳಿ ಕಟ್ಟುವುದು, ಫ್ಯಾನು ಆರಿಸುವುದು, ಕಡತಕ್ಕೆ ಹೆಸರಿಡುವುದು ಎಲ್ಲ ಅವರಿಗೆ ಬರುತ್ತದೆ. ಈ ಭಾನುವಾರ ಯಾರೋ ಹೊಸಬಳು ಬರುವವಳಿದ್ದಾಳೆ, ಉಪ್ಪಿಟ್ಟಿಗೆ ಇನ್ನೊಂದು ಪಾವು ರವೆ ಹೆಚ್ಚಿಗೆ ಹಾಕಿ ಎಂದು ಫೋನು ಮಾಡಿದ್ದರು.